ಪುಕ್ಕಟೆ ಇರುವ ಸೋದರಮಾವನನ್ನು ಮನೆ ಬಿಡಿಸೋದು ಹೇಗೆ?

ಅಪ್ಪನ ಮನೆಯಲ್ಲಿ ಸೋದರಮಾವ 14 ವರ್ಷದಿಂದ ಬಾಡಿಗೆ ಇಲ್ಲದೆ ಇದ್ದಾರೆ, 12 ವರ್ಷ ದಾಟಿತು ಇನ್ನು ಮನೆ ನಂದೇ ಅಂತಾರೆ, ಅವರು ಊರಿಗೆ ಹೋದಾಗ ಬೀಗ ಹಾಕಿಬಿಡಲಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೆ. ನಾನು ಅದನ್ನೇ ಮಾಡಿ ಕೆಟ್ಟೆ. ಹಾಸನದ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗ ಇದ್ದ. ಬೀಗ ಹಾಕಿದ ಎರಡನೇ ದಿನಕ್ಕೆ ಸ್ಟೇಷನ್‌ನಿಂದ ನನಗೇ ಫೋನ್ ಬಂತು. ಬೀಗ ತೆಗೆದೆ. ಹೀಗೆ ಹೊರಗೆ ಹಾಕಿದರೆ ಅವರು ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್‌ನ 6ನೇ ಸೆಕ್ಷನ್ ಹಿಡಿದು 6 ತಿಂಗಳೊಳಗೆ ಕೇಸ್ ಹಾಕಿ ವಾಪಸ್ ಬರಬಹುದು, ಅಲ್ಲಿ ಮನೆ ಯಾರದು ಅಂತ ನೋಡೋದೇ ಇಲ್ಲ.

12 ವರ್ಷದ ಮಾತಿಗೆ ಹೆದರಬೇಡಿ. ಮಾಲೀಕರ ಒಪ್ಪಿಗೆ ಇಲ್ಲದೆ, ತಮ್ಮದೇ ಅಂತ ಬಹಿರಂಗವಾಗಿ 12 ವರ್ಷ ಹಿಡಿದುಕೊಂಡವರ ಲೆಕ್ಕ ಅದು; ನೀವು 'ಇರಿ' ಅಂದಿದ್ದಕ್ಕೆ ಇದ್ದವರಿಗೆ ಆ ಲೆಕ್ಕ ಶುರುವಾಗೋದೇ ಇಲ್ಲ. ಗೋವಾದಲ್ಲಿ ಒಡಹುಟ್ಟಿದವರ ನಡುವೆ ಇಂಥದ್ದೇ ಜಗಳ ನಡೆದು, 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ಪುಕ್ಕಟೆಯಾಗಿ ಇರಲು ಬಿಟ್ಟವರು ಎಷ್ಟು ವರ್ಷ ಇದ್ದರೂ ಮಾಲೀಕರಾಗಲ್ಲ.

ಆದರೆ ಮೊದಲು ಕ್ರಯಪತ್ರ ತೆಗೆದು ನೋಡಿ. ಖಾತೆ ಸಾಲದು. ಅಪ್ಪನೇ ಕೊಂಡಿದ್ದಾ, ಅಥವಾ ನಿಮ್ಮ ಅಜ್ಜನ, ಅಂದರೆ ಅಮ್ಮನ ಅಪ್ಪನ ಆಸ್ತಿಯಾ? ಎರಡನೆಯದಾದರೆ ಮಾವನಿಗೂ ಪಾಲು ಇರುವ ಸಾಧ್ಯತೆ ಜಾಸ್ತಿ, ಆಗ ಬಿಡಿಸುವ ಮಾತೇ ಇಲ್ಲ, ವಿಭಾಗದ ದಾವೆ ಹಾಕಬೇಕು. ಇನ್ನೊಂದು, ಅವರು ಸ್ವಂತ ದುಡ್ಡಲ್ಲಿ ಏನಾದರೂ ಕಟ್ಟಿದ್ದಾರಾ? ನಿಮ್ಮ ಒಪ್ಪಿಗೆ ಮೇಲೆ ಗಟ್ಟಿಯಾಗಿ ಏನಾದರೂ ಕಟ್ಟಿದ್ದರೆ ಕೊಟ್ಟ ಅನುಮತಿ ವಾಪಸ್ ಪಡೆಯೋದು ಕಷ್ಟ. ನಮ್ಮವನು ತಗಡಿನ ಶೆಡ್ ತೋರಿಸಿ 'ನಾನೇ ಕಟ್ಟಿಸಿದ್ದು' ಅಂದಿದ್ದ!

ಕಾಗದ ಸರಿ ಇದ್ದರೆ ಅಪ್ಪನ ಹೆಸರಲ್ಲೇ ವಕೀಲರಿಂದ ನೋಟಿಸ್ ಕಳಿಸಿ. ಸಂಬಂಧಿ ಅಂತ ಇರಲು ಬಿಟ್ಟಿದ್ದೆವು, ಆ ಒಪ್ಪಿಗೆ ಮುಗಿಯಿತು, ಇಂಥ ದಿನದೊಳಗೆ ಬಿಡಿ ಅಂತ ಇರಲಿ. ಬಿಡದಿದ್ದರೆ ಸಿವಿಲ್ ಕೋರ್ಟ್‌ನಲ್ಲಿ ಸ್ವಾಧೀನದ ದಾವೆ, ಅಂದರೆ ಮನೆ ನಮ್ಮ ಕೈಗೆ ಕೊಡಿಸಿ ಅಂತ ಕೇಸ್. ಅಲ್ಲಿ ತನಕ ಬಿಟ್ಟುಕೊಡದ ತಿಂಗಳುಗಳಿಗೆ ಪರಿಹಾರವನ್ನೂ ಕೇಳಬಹುದು. ಕಂದಾಯದ ರಸೀದಿ ಎತ್ತಿಡಿ. 'ಭಾವ ಮನೆ ಕೊಟ್ಟು ಪುಣ್ಯ ಕಟ್ಟಿಕೊಂಡ್ರು' ಅಂತ ಮಾವ ಯಾವಾಗಲೋ ವಾಟ್ಸಾಪ್ ಮಾಡಿದ್ದರೆ ಅದನ್ನಂತೂ ಅಳಿಸಬೇಡಿ.

ನಮ್ಮದು ನಾಲ್ಕು ವರ್ಷ ಎಳೆದು, ಕೊನೆಗೆ ರಾಜಿಯಲ್ಲಿ ಅವನ ಹೊಸ ಬಾಡಿಗೆ ಮನೆಯ ಅಡ್ವಾನ್ಸ್ ನಾವೇ ಕೊಟ್ಟೆವು. ವಕೀಲರ ಫೀಸಿಗಿಂತ ಕಡಿಮೆಯೇ ಆಯಿತು. ಚಿಕ್ಕಮ್ಮ ಮಾತ್ರ ಈಗಲೂ ಮಾತಾಡಲ್ಲ, ನೋಟಿಸ್ ವಿಷಯ ಅವರಿಗೆ ಗೊತ್ತಾಗಿದ್ದು ಪೋಸ್ಟ್‌ಮ್ಯಾನ್ ಬಾಯಿಂದ. ನೀವು ಕಳಿಸುವ ಮುಂಚೆ ಅಮ್ಮನಿಗೆ ಹೇಳಿ.