ಸ್ಪ್ರಿಂಟ್ ನಡುವೆ ಬಂದು ಸೇರುವ ಕೆಲಸಕ್ಕೆ ಹೊಣೆ ಯಾರು?

ಪ್ರಶ್ನೆ: ನಾನು ತಂತ್ರಾಂಶ ತಂಡವೊಂದರಲ್ಲಿ ಡೆವಲಪರ್. ನಮ್ಮ ಸ್ಕ್ರಮ್ ಮಾಸ್ಟರ್ (ತಂಡ ಪದ್ಧತಿಯಂತೆ ಕೆಲಸ ಮಾಡಲು ನೆರವಾಗಬೇಕಾದವರು) ದಿನನಿತ್ಯದ ಸಭೆಯಲ್ಲಿ ಒಬ್ಬೊಬ್ಬರಿಂದಲೂ ವರದಿ ಕೇಳಿ, ಆ ದಿನದ ಕೆಲಸ ಹಂಚುತ್ತಾರೆ. ಪ್ರಾಡಕ್ಟ್ ಓನರ್ (ಉತ್ಪನ್ನದಲ್ಲಿ ಏನೇನು ಇರಬೇಕೆಂದು ನೋಡಿಕೊಳ್ಳುವವರು) ಸ್ಪ್ರಿಂಟ್ ನಡುವೆಯೇ, ಅಂದರೆ ಒಂದು ತಿಂಗಳು ಮೀರದ ನಿಗದಿತ ಕೆಲಸದ ಅವಧಿಯ ನಡುವೆಯೇ, ಹೊಸ ಕೆಲಸ ಸೇರಿಸಿ, ಅದಕ್ಕೆ ಗಡುವನ್ನೂ ತಾವೇ ಗೊತ್ತುಮಾಡುತ್ತಾರೆ. ತಂತ್ರಾಂಶವನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುವ ಅಜೈಲ್ ಪದ್ಧತಿಯಲ್ಲಿ ಯಾರ ಹೊಣೆ ಎಲ್ಲಿಯವರೆಗೆ?

ಉತ್ತರ: ನಿಮ್ಮ ತಂಡದಲ್ಲಿ ಹುದ್ದೆಗಳ ಹೆಸರು ಮಾತ್ರ ಬದಲಾಗಿದೆ, ಕೆಲಸ ಮಾಡಿಸುವ ರೀತಿ ಬದಲಾಗಿಲ್ಲ. 2001ರ ಅಜೈಲ್ ಪ್ರಣಾಳಿಕೆಯಲ್ಲಿ ಈ ಹುದ್ದೆಗಳ ಪ್ರಸ್ತಾಪವೇ ಇಲ್ಲ. ಅವು ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಪದ್ಧತಿಯವು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಬರೆದಿರುವ ಸ್ಕ್ರಮ್ ಕೈಪಿಡಿಯ 2020ರ ಆವೃತ್ತಿಯ ಪ್ರಕಾರ, ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಜನರ ಒಂದು ತಂಡದಲ್ಲಿ ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್ ಮತ್ತು ಡೆವಲಪರ್‌ಗಳು ಇರುತ್ತಾರೆ. ಇವರಲ್ಲಿ ಯಾರೂ ಯಾರಿಗೂ ಮೇಲಧಿಕಾರಿಯಲ್ಲ.

ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ತೀರ್ಮಾನಿಸುವುದು ಪ್ರಾಡಕ್ಟ್ ಓನರ್ ಹೊಣೆ, ಮತ್ತು ಆ ಹೊಣೆ ಒಂದು ಸಮಿತಿಯದಲ್ಲ, ಒಬ್ಬ ವ್ಯಕ್ತಿಯದು. ಆದರೆ ಒಂದು ಕೆಲಸ ಎಷ್ಟು ದೊಡ್ಡದು, ಅದನ್ನು ಹೇಗೆ ಮಾಡಬೇಕು ಎಂದು ಹೇಳಬೇಕಾದವರು ಅದನ್ನು ಮಾಡುವ ಡೆವಲಪರ್‌ಗಳೇ. ಸ್ಪ್ರಿಂಟ್ ನಡುವೆ ಹೊಸ ಕೆಲಸ ಬರಲೇಬಾರದೆಂಬ ನಿಯಮವಿಲ್ಲ. ಸ್ಪ್ರಿಂಟ್‌ನ ಗುರಿಗೆ ಧಕ್ಕೆ ತರುವ ಬದಲಾವಣೆ ಮಾತ್ರ ಕೂಡದು. ಹಾಗಾಗಿ ಮುಂದಿನ ಸಲ ಹೊಸ ಕೆಲಸ ಬಂದಾಗ ‘ಆಗುವುದಿಲ್ಲ’ ಎನ್ನುವ ಬದಲು, ‘ಇದನ್ನು ತೆಗೆದುಕೊಂಡರೆ ಯಾವುದನ್ನು ಕೈಬಿಡೋಣ?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಡೆವಲಪರ್‌ಗಳೂ ಪ್ರಾಡಕ್ಟ್ ಓನರ್ ಕೂಡ ಸೇರಿ.

ಸ್ಕ್ರಮ್ ಮಾಸ್ಟರ್ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ, ಏಕೆಂದರೆ ತಂಡದ ದಾರಿ ಸುಗಮ ಮಾಡಬೇಕಾದವರನ್ನೇ ಎಷ್ಟೋ ಸಂಸ್ಥೆಗಳು ಹಾಜರಿ ತೆಗೆದುಕೊಳ್ಳುವವರನ್ನಾಗಿ ಮಾಡಿಬಿಟ್ಟಿವೆ. 15 ನಿಮಿಷದ ದಿನದ ಸಭೆ ಡೆವಲಪರ್‌ಗಳದು. ಗುರಿಯತ್ತ ಎಷ್ಟು ಸಾಗಿದ್ದೇವೆಂದು ನೋಡಿಕೊಂಡು ಮುಂದಿನ ಒಂದು ದಿನದ ಯೋಜನೆಯನ್ನು ಅವರೇ ಹಾಕಿಕೊಳ್ಳಲಿಕ್ಕೆ ಅದು ಇರುವುದು. ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಹೊಂದಿಸಿಕೊಡುವ ಸೌಲಭ್ಯವನ್ನು ನೀವು ಕಟ್ಟುತ್ತಿದ್ದೀರಿ ಎನ್ನೋಣ. ಕೋಡ್ ಸಿದ್ಧವಾಗಿದೆ, ಆದರೆ ಪರೀಕ್ಷೆಗೆ ಬೇಕಾದ ಇಮೇಲ್ ಸರ್ವರ್‌ನ ಅನುಮತಿ ಬೇರೊಂದು ವಿಭಾಗದಲ್ಲಿ ಮೂರು ದಿನದಿಂದ ಸಿಕ್ಕಿಬಿದ್ದಿದೆ. ‘ಯಾಕೆ ಮುಗಿದಿಲ್ಲ?’ ಎಂದು ನಿಮ್ಮನ್ನು ವಿಚಾರಿಸುವುದು ಸ್ಕ್ರಮ್ ಮಾಸ್ಟರ್ ಕೆಲಸವಲ್ಲ. ಆ ವಿಭಾಗದವರೊಂದಿಗೆ ಮಾತನಾಡಿ ಅಡ್ಡಿ ನಿವಾರಣೆಯಾಗುವಂತೆ ನೋಡಿಕೊಳ್ಳುವುದೇ ಅವರ ಕೆಲಸ. ಮೊದಲು ಸ್ಕ್ರಮ್ ಮಾಸ್ಟರ್ ಜೊತೆ ಪ್ರತ್ಯೇಕವಾಗಿ ಮಾತನಾಡಿ. ಸುಧಾರಿಸದಿದ್ದರೆ, ಸ್ಪ್ರಿಂಟ್ ಕೊನೆಯ ಹಿನ್ನೋಟದ ಸಭೆಯಲ್ಲಿ ಇಂಥ ಒಂದು ನಿರ್ದಿಷ್ಟ ಪ್ರಸಂಗವನ್ನೇ ಮುಂದಿಡಿ. ಬರಿಯ ದೂರಿಗಿಂತ ಅದು ಬೇಗ ಮನಸ್ಸಿಗೆ ತಟ್ಟುತ್ತದೆ.

ಪ್ರಶ್ನೆ: ನಾನು ಟೆಸ್ಟರ್. ಮೂರೇ ಹೊಣೆಗಳೆಂದ ಮೇಲೆ ನನ್ನ ಸ್ಥಾನ ಯಾವುದು? ದೋಷ ಉಳಿದರೆ ತಪ್ಪು ನನ್ನದೇ?

ಉತ್ತರ: ಸ್ಕ್ರಮ್‌ನಲ್ಲಿ ಡೆವಲಪರ್ ಎಂದರೆ ಕೋಡ್ ಬರೆಯುವವರಷ್ಟೇ ಅಲ್ಲ, ಸ್ಪ್ರಿಂಟ್‌ನಲ್ಲಿ ಉತ್ಪನ್ನವನ್ನು ರೂಪಿಸಲು ದುಡಿಯುವ ಎಲ್ಲರೂ, ನೀವೂ, ಅದರಲ್ಲಿ ಸೇರುತ್ತೀರಿ. ಕೆಲಸ ಯಾವಾಗ ಪೂರ್ಣವಾಯಿತೆನ್ನಬೇಕು ಎಂಬುದಕ್ಕೆ ಒಪ್ಪಿಕೊಂಡ ಮಾನದಂಡ ಎಲ್ಲರಿಗೂ ಒಂದೇ ಆಗಿರುವುದರಿಂದ, ಉಳಿದ ದೋಷ ಇಡೀ ತಂಡದ ಹೊಣೆ. ಕೊನೆಯ ದಿನ ನಿಮ್ಮ ಕೈಗೆ ಎಲ್ಲವನ್ನೂ ಒಟ್ಟಿಗೆ ಒಪ್ಪಿಸುವ ರೂಢಿಯಿದ್ದರೆ, ಯೋಜನೆಯ ಸಭೆಯಲ್ಲೇ ಪರೀಕ್ಷೆಯ ಸಮಯವನ್ನೂ ಅಂದಾಜಿಗೆ ಸೇರಿಸುವಂತೆ ಪಟ್ಟುಹಿಡಿಯಿರಿ.