ಅಲ್ಲಿ ಮತಾರಿಕಿ, ಇಲ್ಲಿ ಕೃತ್ತಿಕೆ

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿನ ಮೂಲನಿವಾಸಿ ಮಾವೋರಿ ಜನರ ಹೊಸ ವರ್ಷ ಮತಾರಿಕಿಗೂ ಸರ್ಕಾರಿ ರಜೆ ಕೊಟ್ಟಿದ್ದಾರೆ. ಆ ದಿನ ಕೆಲಸ ಮಾಡಿದವರಿಗೆ ಒಂದೂವರೆ ಪಟ್ಟು ಕೂಲಿ, ಮೇಲೆ ಇನ್ನೊಂದು ದಿನ ರಜೆ. ನಮ್ಮ ಯುಗಾದಿಗೇ ರಜೆ ಇಲ್ಲ. ನಮಗೂ ಇದಕ್ಕೂ ಏನು ಸಂಬಂಧ?" ಈ ವರ್ಷ ತಂದೆ ತೀರಿಕೊಂಡರು, ಊರಿಗೆ ಬರಲಾಗಲಿಲ್ಲ ಎಂದೂ ಕೊನೆಯಲ್ಲಿ ಒಂದು ಸಾಲು ಬರೆದಿದ್ದಾರೆ.

ನಿಮ್ಮ ಲೆಕ್ಕ ಸರಿ. 11 ಇದ್ದ ರಜೆ 12 ಆಯಿತು. ಇಬ್ಬರನ್ನು ಕೆಲಸಕ್ಕಿಟ್ಟುಕೊಂಡವರಿಗೆ ಅದು ಹೊರೆಯೇ. ಆದರೆ "ಏನು ಸಂಬಂಧ" ಅಂದಿರಲ್ಲ, ಅದನ್ನು ಸುಮ್ನೆ ಬಿಡಲು ನನ್ನಿಂದಾಗದು.

ಮತಾರಿಕಿ ಅಂದರೆ ನಕ್ಷತ್ರಗಳ ಒಂದು ಗೊಂಚಲು, ನಮ್ಮ ಕೃತ್ತಿಕೆಯೇ. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರು, ಕಾರ್ತಿಕ ಮಾಸಕ್ಕೆ ಹೆಸರು ಕೊಟ್ಟವರು. ಮೇ ತಿಂಗಳಲ್ಲಿ ಸೂರ್ಯ ಆ ನಕ್ಷತ್ರಕ್ಕೆ ಬಂದಾಗ ನಮ್ಮ ರೈತರು ಕೃತ್ತಿಕಾ ಮಳೆ ಅನ್ನುತ್ತಾರೆ. ಸೂರ್ಯನ ಬೆಳಕಲ್ಲಿ ಮುಳುಗಿದ ಆ ಗೊಂಚಲು ಆಮೇಲೆ ನಸುಕಿನಲ್ಲಿ ಮತ್ತೆ ಮೂಡುತ್ತದೆ. ನಮಗೆ ಆಗ ಮುಂಗಾರಿನ ಮೋಡ ಅಡ್ಡ. ಅವರಿಗೆ ಅದು ನಡುಚಳಿಗಾಲ, ಗೆಣಸು ಕಿತ್ತು ಕೂಡಿಟ್ಟ ಕಾಲ. ಆ ಮೂಡುವಿಕೆಯಿಂದಲೇ ಅವರ ವರ್ಷ ಶುರು.

ನಾವು ಆರು ಎಣಿಸಿದಲ್ಲಿ ಅವರಲ್ಲಿ ಬಹಳ ಜನ ಒಂಬತ್ತು ಎಣಿಸುತ್ತಾರೆ. ಮಳೆಗೊಂದು, ಗಾಳಿಗೊಂದು, ಸಿಹಿನೀರಿಗೊಂದು, ಕಡಲಿಗೊಂದು. ಪೊಹುತುಕವ ಎಂಬ ನಕ್ಷತ್ರ ಆ ವರ್ಷ ತೀರಿಹೋದವರದು.

2023ರ ಮತಾರಿಕಿಯ ದಿನ, ಜುಲೈ 14ರಂದು, ನಾನು ವೆಲಿಂಗ್ಟನ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಇನ್ನೂ ಕತ್ತಲಿರುವಾಗಲೇ ಕಡಲ ದಂಡೆಗೆ ಹೋದೆವು. ವಯಸ್ಸಾದ ಹೆಂಗಸೊಬ್ಬರು ಉಣ್ಣೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ತೀರಿಹೋದವರ ಹೆಸರನ್ನು ಒಂದೊಂದಾಗಿ ಕರೆದರು. ಪ್ರತಿ ಹೆಸರಿನ ನಂತರ ಸ್ವಲ್ಪ ಹೊತ್ತು ಅಲೆಯ ಸದ್ದು ಮಾತ್ರ. ಆಮೇಲೆ ನೆಲದೊಲೆಯ ಮುಚ್ಚಳ ತೆಗೆದರು. ಗೆಣಸು, ಕೋಳಿ, ಹಾವುಮೀನು, ಕಡಲಮೀನು ಬೆಂದ ಆವಿ ಮೇಲೆದ್ದಿತು. ಆ ಆವಿಯೇ ನಕ್ಷತ್ರಗಳಿಗೆ ನೈವೇದ್ಯ. ನನಗೆ ಪಿತೃಪಕ್ಷದ ಎಡೆ ನೆನಪಾಯಿತು. ನಾನೂ ಮೆಲ್ಲಗೆ ಅಮ್ಮನ ಹೆಸರು ಹೇಳಿದೆ.

ಆ ದೇಶದ ಉಳಿದ ರಜೆಗಳನ್ನು ನೋಡಿ. ಕ್ರಿಸ್‌ಮಸ್ ಬೇಸಿಗೆಯಲ್ಲಿ ಬರುತ್ತದೆ. ಲಂಡನ್‌ನಲ್ಲಿರುವ ದೊರೆಯ ಹುಟ್ಟುಹಬ್ಬಕ್ಕೂ ರಜೆ ಇದೆ. ಆ ದಿನದ ಕೂಲಿಯ ಬಗ್ಗೆ ನೀವು ಬರೆದಿಲ್ಲ, ಅಲ್ವಾ? ಆ ನೆಲದ ಮೇಲಿನ ಆಕಾಶ ನೋಡಿ ಮೊದಲ ಸಲ ರಜೆ ಕೊಟ್ಟಿದ್ದು 2022ರ ಜೂನ್ 24ರಂದು.

ಈ ತಿಳಿವಳಿಕೆ ಉಳಿದಿದ್ದೇ ದೊಡ್ಡ ಕಥೆ. ರಜೆಯ ದಿನ ಗೊತ್ತುಮಾಡಿದ ಸಮಿತಿಯ ಮುಂದಾಳು ಪ್ರೊಫೆಸರ್ ರಂಗಿ ಮಾತಾಮುವಾ. ಅವರ ಮನೆತನದ ತಂದೆ ಮಗ ಇಬ್ಬರು 1898ರಿಂದ 1933ರವರೆಗೆ 400 ಪುಟ ಬರೆದಿಟ್ಟಿದ್ದರು. ಅದರಲ್ಲಿ ಸುಮಾರು 1000 ನಕ್ಷತ್ರಗಳ ಹೆಸರಿವೆ. ಅಜ್ಜ ಅದನ್ನು ಬೀರುವಿನಲ್ಲಿ ಕಾಪಾಡಿಕೊಂಡು ಬಂದು ಮೊಮ್ಮಗನ ಕೈಗಿಟ್ಟರು. ಶಾಲೆಯಲ್ಲಿ ಮಾವೋರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲವನ್ನೂ ದಾಟಿ ಉಳಿದ ಪುಸ್ತಕ ಅದು! 1972ರಲ್ಲಿ ಆ ಭಾಷೆಯ ಪರವಾದ ಮನವಿಗೆ 30,000ಕ್ಕೂ ಜಾಸ್ತಿ ಜನ ಸಹಿ ಹಾಕಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು.

ನಮ್ಮಲ್ಲೇನಾಗಿದೆ? ಬೆಂಗಳೂರಿನಲ್ಲಿ ನನ್ನ ಮೊಮ್ಮಗಳು ಓದುವ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ. ಐದು ರೂಪಾಯಿ ಕೊಡು ತಾತ ಅಂತ ಕೈ ಚಾಚಿದಾಗ ನನಗೆ ಹೊಟ್ಟೆ ಉರಿಯಿತು. ಕೃತ್ತಿಕೆ ಈಗ ಜಾತಕದಲ್ಲಿ ಮಾತ್ರ ಇದೆ. ಮದುವೆಗೆ ನಕ್ಷತ್ರ ಕೇಳುತ್ತೇವೆ, ಅದು ಆಕಾಶದಲ್ಲಿ ಎಲ್ಲಿದೆ ಅಂತ ಕೇಳುವವರಿಲ್ಲ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಅಂದವರ ಮಕ್ಕಳು ನಾವು. ನಮ್ಮ ನಕ್ಷತ್ರವನ್ನು ಅವರು ಇನ್ನೂ ಕಣ್ಣಾರೆ ನೋಡುತ್ತಿದ್ದಾರೆ. ಸಂಬಂಧ ಇಲ್ಲ ಅನ್ನಬೇಡಿ.

2026ರಲ್ಲಿ ಈ ರಜೆ ಜುಲೈ 10ಕ್ಕೆ ಬರುತ್ತದೆ. ಅಂಗಡಿ ತೆಗೆಯುವ ಮೊದಲು, ಬೆಳಿಗ್ಗೆ ಆರರ ಹೊತ್ತಿಗೆ ಈಶಾನ್ಯಕ್ಕೆ ನೋಡಿ. ಒಂದೇ ಸಾಲಿನ ಮೂರು ನಕ್ಷತ್ರ ಕಾಣುತ್ತವೆ. ಅದರ ಎಡಕ್ಕೆ ಕೆಂಪಗೆ ರೋಹಿಣಿ. ಇನ್ನೂ ಎಡಕ್ಕೆ ಆ ಪುಟ್ಟ ಗೊಂಚಲು. ನಿಮ್ಮ ತಂದೆಯ ಹೆಸರನ್ನು ಅಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ.