ಪಾಯಿಂಟ್ ಗಾರ್ಡ್ ಹೋದ, ಈಗೇನು ಮಾಡಲಿ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿಇ ಮೇಷ್ಟ್ರು. ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವ ಹುಡುಗ, ಹತ್ತನೇ ಕ್ಲಾಸು ಮುಗಿಸಿ ಹೋದ. ಅವನಷ್ಟು ಡ್ರಿಬಲ್ ಮಾಡುವವರು ಬೇರೆ ಯಾರೂ ಇಲ್ಲ. ಸೆಂಟರ್ ಆಗಿ ರಿಂಗ್ ಹತ್ತಿರ ಆಡುವ ಉದ್ದನೆಯ ಹುಡುಗ ಮಾತ್ರ ಪಾಸ್ ಚೆನ್ನಾಗಿ ಕೊಡುತ್ತಾನೆ. ಪಾಯಿಂಟ್ ಗಾರ್ಡ್ ಇಲ್ಲದೆ ಟೀಮು ನಡೆಯಲ್ಲ ಅಂತಾರೆ. ನಿಜವೇ?

ಉತ್ತರ: ನಡೆಯುತ್ತದೆ ಮೇಷ್ಟ್ರೇ. ಸುಮ್ನೆ ಧೈರ್ಯ ಹೇಳುತ್ತಿಲ್ಲ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1997ರ ಫೈನಲ್‌ನ ಆರನೇ ಪಂದ್ಯ ನೆನಪಿಸಿಕೊಳ್ಳಿ. ಯೂಟಾ ಜಾಝ್ ಕಡೆ ಜಾನ್ ಸ್ಟಾಕ್ಟನ್. ಹಳೇ ಕಾಲದ ಪಾಯಿಂಟ್ ಗಾರ್ಡ್ ಅಂದರೆ ಹೇಗಿರಬೇಕೋ ಹಾಗೇ ಇದ್ದ. ಎನ್‌ಬಿಎಯಲ್ಲಿ ಅವನ 15,806 ಅಸಿಸ್ಟ್ (ಬಾಸ್ಕೆಟ್ ಆಗುವಂತೆ ಕೊಟ್ಟ ಪಾಸ್) ಇವತ್ತಿಗೂ ದಾಖಲೆ. ಶಿಕಾಗೊ ಬುಲ್ಸ್ ಕಡೆ ಅಂಥವನೊಬ್ಬನೂ ಇರಲಿಲ್ಲ. ಆ ಜಾಗದಲ್ಲಿ ಶುರು ಮಾಡುತ್ತಿದ್ದ ರಾನ್ ಹಾರ್ಪರ್ ಮೂಲತಃ ಶೂಟಿಂಗ್ ಗಾರ್ಡ್, ಅಂದರೆ ಮುಖ್ಯವಾಗಿ ಸ್ಕೋರ್ ಮಾಡುವವನು. ಎಷ್ಟೋ ಸಲ ಬಾಲ್ ತರುತ್ತಿದ್ದವನು ಫಾರ್ವರ್ಡ್ ಆಗಿದ್ದ ಸ್ಕಾಟಿ ಪಿಪ್ಪೆನ್. ಸ್ಕೋರ್ 86-86, ಕೊನೆಯ ಕೆಲವೇ ಸೆಕೆಂಡ್. ಬಾಲ್ ಮೈಕೆಲ್ ಜೋರ್ಡನ್ ಕೈಯಲ್ಲಿ. ಸ್ಟಾಕ್ಟನ್ ತಾನು ಕಾಯಬೇಕಾದವನನ್ನು ಬಿಟ್ಟು ಜೋರ್ಡನ್ ಮೇಲೆ ಬಂದ. ಹಾಗೆ ಬಿಟ್ಟುಬಂದದ್ದು ಸ್ಟೀವ್ ಕೆರ್‌ನನ್ನು. ಜೋರ್ಡನ್ ಪಾಸ್ ಕೊಟ್ಟ, ಕೆರ್ ಹೊಡೆದ, 88-86. ಆಮೇಲೆ ಇನ್ನೊಂದು ಬಾಸ್ಕೆಟ್, ಮ್ಯಾಚ್ 90-86. ಮರುವರ್ಷವೂ ಅದೇ ಎರಡು ಟೀಮು, ಗೆದ್ದದ್ದು ಬುಲ್ಸೇ. ಜೋರ್ಡನ್ ಇದ್ದರೆ ಯಾರು ಬೇಕಾದರೂ ಗೆಲ್ತಾರೆ ಅನ್ನಬಹುದು ನೀವು. ಅದೂ ಸರಿಯೇ.

ನಿಮ್ಮ ಉದ್ದನೆಯ ಹುಡುಗನಿಗೆ ಜೋರ್ಡನ್‌ಗಿಂತ ನಿಕೊಲಾ ಯೋಕಿಚ್‌ನ ಆಟ ತೋರಿಸಿ. ಅವನೂ ಸೆಂಟರ್. 2023ರಲ್ಲಿ ಡೆನ್ವರ್ ನಗೆಟ್ಸ್ ಎನ್‌ಬಿಎ ಚಾಂಪಿಯನ್ ಆದ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 9.8 ಅಸಿಸ್ಟ್ ಕೊಟ್ಟಿದ್ದ. ಆ ಟೀಮಿನಲ್ಲಿ ಬಾಲ್ ತರುವ ಕೆಲಸ ಜಾಸ್ತಿ ಜಮಾಲ್ ಮರ್ರೆಯದು. ಯಾರಿಗೆ ಕೊಡಬೇಕು ಅಂತ ನೋಡುವ ಕೆಲಸ ಯೋಕಿಚ್‌ನದು. ಇವು ಎರಡು ಬೇರೆ ಕೆಲಸ. ಒಬ್ಬನೇ ಎರಡನ್ನೂ ಮಾಡಬೇಕು ಅನ್ನುವುದು ಬರೀ ಅಭ್ಯಾಸಬಲ.

ಒಳ್ಳೆಯ ಪಾಯಿಂಟ್ ಗಾರ್ಡ್ ಸಿಕ್ಕಿದರೂ ಟೀಮು ಉದ್ಧಾರ ಆಗುತ್ತದೆ ಅಂತೇನಿಲ್ಲ. ಫೀನಿಕ್ಸ್ ಸನ್ಸ್ 2023-24ರಲ್ಲಿ ಅಂಥವನಿಲ್ಲದೆ ಆಡಿ 49 ಪಂದ್ಯ ಗೆದ್ದರು, ಸೀಸನ್ ಕೊನೆಯ ಪ್ಲೇಆಫ್ ಹಂತದಲ್ಲಿ 0-4 ಸೋತರು. ಪಾಯಿಂಟ್ ಗಾರ್ಡ್ ಇಲ್ಲದ್ದೇ ಕಾರಣ ಅಂತ ಎಲ್ಲರೂ ಬೈದರು. ಮರುವರ್ಷ ಪಾಯಿಂಟ್ ಗಾರ್ಡ್ ಟೈಯಸ್ ಜೋನ್ಸ್ ಬಂದ. ಗೆದ್ದದ್ದು 36, ಪ್ಲೇಆಫ್ ಕೂಡ ಇಲ್ಲ!

ಈಗ ನನ್ನದೇ ತಪ್ಪು ಹೇಳುತ್ತೇನೆ. ಒಂದು ತಾಲೂಕು ಮಟ್ಟದ ಮ್ಯಾಚ್‌ನಲ್ಲಿ ಎದುರಿನವರು ಫುಲ್ ಕೋರ್ಟ್ ಪ್ರೆಸ್ ಹಾಕಿದರು, ಅಂದರೆ ನಮ್ಮ ಅರ್ಧದಲ್ಲೇ ಮೈಮೇಲೆ ಬಿದ್ದು ತಡೆದರು. ನನ್ನ ಪುಟ್ಟ ಗಾರ್ಡ್ ಸೈಡ್‌ಲೈನಿಗೂ ಸೆಂಟರ್ ಲೈನಿಗೂ ನಡುವಿನ ಮೂಲೆಯಲ್ಲಿ ಇಬ್ಬರ ಕೈಗೆ ಸಿಕ್ಕಿಬಿದ್ದ. ಒಂದು ಶೂ ಲೇಸು ಬಿಚ್ಚಿ ನೆಲ ಗುಡಿಸುತ್ತಿತ್ತು. ನಾನು ಹೊರಗಿನಿಂದ ‘ಡ್ರಿಬಲ್ ಮಾಡೋ’ ಅಂತ ಕಿರುಚುತ್ತಿದ್ದೆ. ಎಂಟು ಸೆಕೆಂಡಿನಲ್ಲಿ ಬಾಲ್ ಸೆಂಟರ್ ಲೈನ್ ದಾಟಿಸಲಿಲ್ಲ ಅಂತ ವಿಸಿಲ್ ಮೂರು ಸಲ ಬಿತ್ತು. ಹಾಫ್ ಟೈಮಿನಲ್ಲಿ ನಮ್ಮ ಸೆಂಟರ್ ನೀರು ಕುಡಿಯುತ್ತಾ, ‘ಸಾರ್, ನಾನು ನಡುವೆ ಖಾಲಿ ನಿಂತಿದ್ದೆ, ಯಾರೂ ಕೊಡ್ಲಿಲ್ಲ’ ಅಂದ. ಕೊಡಬೇಡಿ ಅಂದಿದ್ದವನು ನಾನೇ. ಉದ್ದನೆಯವರ ಜಾಗ ರಿಂಗ್ ಕೆಳಗೆ ಅಂತ ನಮಗೆ ಕಲಿಸಿದ್ದರು, ನಾನೂ ಅದನ್ನೇ ಕಲಿಸುತ್ತಿದ್ದೆ.

ಹಾಗಾಗಿ ಪ್ರೆಸ್ ಬಂದಾಗ ನಿಮ್ಮ ಹುಡುಗನನ್ನು ಸೆಂಟರ್ ಸರ್ಕಲ್ ಹತ್ತಿರ ಕೈ ಎತ್ತಿ ನಿಲ್ಲಿಸಿ. ಉಳಿದವರಿಗೆ ಒಂದೇ ಕಟ್ಟಳೆ: ಎರಡು ಡ್ರಿಬಲ್, ಆಮೇಲೆ ಪಾಸ್. ಆ ಕಡೆ ದಾಟಿದ ಮೇಲೆ ಅವನು ಫ್ರೀ ಥ್ರೋ ಲೈನಿಗೆ ಬಂದು ಬಾಲ್ ತೆಗೆದುಕೊಳ್ಳಲಿ. ಆಗ ಮಿಕ್ಕ ನಾಲ್ವರು ಓಡುತ್ತಿರಬೇಕು. ನಿಂತು ನೋಡಿದರೆ ಅವನು ತಾನೇ ಯಾರಿಗೆ ಕೊಡ್ತಾನೆ, ಅಲ್ವಾ?

ಒಂದು ತಾಪತ್ರಯ ಇದೆ. ಅವನಿಗೆ ಐದು ಫೌಲ್ ಆಗಿ ಹೊರಗೆ ಕೂತರೆ ನಿಮ್ಮ ಆಟವೂ ಅವನ ಜೊತೆಗೇ ಕೂರುತ್ತದೆ. ಎಂಟನೇ ಕ್ಲಾಸಿನಿಂದ ಇಬ್ಬರನ್ನು ಆರಿಸಿಕೊಂಡು ನಾಳೆಯಿಂದಲೇ ಎಡಗೈ ಡ್ರಿಬಲ್ ಶುರು ಮಾಡಿಸಿ.